‘ನಾಯಿ ನೆರಳು’: ಮನೆಯೊಳಗಿನ ಕಹಿಯ ಕಥನ

ಕನ್ನಡದ ಜನಪ್ರಿಯ ಚಿತ್ರಗಳಲ್ಲಿ ಕುಟುಂಬ ಕಲಹಕ್ಕೆ ಒಂದು ಸಿದ್ಧ ವಿನ್ಯಾಸವಿದೆ. ಅತ್ತೆ-ಸೊಸೆಯರ ವೈಮನಸ್ಯ, ದಾಯಾದಿಗಳ ಮತ್ಸರ, ಮಗನ ಉದ್ಧಟತನ ಇವೆಲ್ಲವೂ ಕೊನೆಯ ರೀಲಿನ ಕಣ್ಣೀರಿನಲ್ಲಿ ತೊಳೆದುಹೋಗಿ ಒಡೆದ ಮನೆ ಮತ್ತೆ ಕೂಡಿಕೊಳ್ಳುತ್ತದೆ. ಕೂಡಿಕೊಳ್ಳದಿದ್ದರೆ ಒಬ್ಬರು ಪ್ರಾಣ ತೆತ್ತು ಉಳಿದವರ ಕಣ್ಣು ತೆರೆಸುತ್ತಾರೆ. ಗಿರೀಶ ಕಾಸರವಳ್ಳಿಯವರ ಚಿತ್ರಗಳಲ್ಲಿ ಇಂಥ ಸಮಾಧಾನಕ್ಕೆ ಎಡೆಯಿಲ್ಲ. ಅಲ್ಲಿ ಕಹಿಯು ಯಾರೋ ಒಬ್ಬ ದುಷ್ಟನಿಂದ ಹುಟ್ಟುವುದಿಲ್ಲ. ಮನೆಯನ್ನು ಹಿಡಿದು ನಿಲ್ಲಿಸಿರುವ ನಂಬಿಕೆ, ವಾತ್ಸಲ್ಯ, ಮರ್ಯಾದೆಗಳಿಂದಲೇ ಹುಟ್ಟುತ್ತದೆ. ಆದುದರಿಂದಲೇ ಅದು ಸುಲಭವಾಗಿ ತೊಳೆದುಹೋಗುವಂಥದೂ ಅಲ್ಲ. ಅವರ ವೃತ್ತಿಜೀವನದ ಉತ್ತರಾರ್ಧಕ್ಕೆ ಸೇರಿದ ‘ನಾಯಿ ನೆರಳು’ (2006) ಈ ದೃಷ್ಟಿಯ ಅತ್ಯಂತ ನಿಷ್ಠುರವಾದ ಅಭಿವ್ಯಕ್ತಿಯಾಗಿದೆ.

ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ 1950ರಲ್ಲಿ ಜನಿಸಿ, ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ತರಬೇತಿ ಪಡೆದ ಕಾಸರವಳ್ಳಿಯವರಿಗೆ ಕುಟುಂಬವೆಂಬುದು ಮೊದಲ ಚಿತ್ರದಿಂದಲೇ ಕೇಂದ್ರ ವಸ್ತು. ಸ್ವರ್ಣಕಮಲ ಪಡೆದ ಅವರ ನಾಲ್ಕು ಚಿತ್ರಗಳಲ್ಲಿ ‘ತಬರನ ಕಥೆ’ಯೊಂದನ್ನು ಬಿಟ್ಟರೆ ಉಳಿದ ಮೂರೂ ಮನೆಯೊಳಗಿನ ಸಂಬಂಧಗಳು ಬಿರುಕು ಬಿಡುವ ಬಗೆಯನ್ನೇ ನೋಡುತ್ತವೆ. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ‘ಘಟಶ್ರಾದ್ಧ’ದಲ್ಲಿ (1977) ತಂದೆಯೇ ಬದುಕಿರುವ ಮಗಳ ಶ್ರಾದ್ಧ ಮಾಡುತ್ತಾನೆ. ‘ತಾಯಿಸಾಹೇಬ’ದಲ್ಲಿ (1997) ದತ್ತುಮಗನೂ ಗಂಡನ ಇನ್ನೊಂದು ಸಂಬಂಧದಲ್ಲಿ ಹುಟ್ಟಿದ ಮಗಳೂ ಪರಸ್ಪರ ಪ್ರೀತಿಸಿದಾಗ ಕಾಯಿದೆ ಮತ್ತು ಕರುಳು ಎದುರುಬದುರಾಗುತ್ತವೆ. ನಾ. ಡಿಸೋಜರ ಕೃತಿಯನ್ನು ಆಧರಿಸಿದ ‘ದ್ವೀಪ’ದಲ್ಲಿ, ಹಿನ್ನೀರು ಏರುತ್ತಿರುವ ನೆಲದಲ್ಲಿ ಮನೆಯನ್ನು ಉಳಿಸಿದ ನಾಗಿಯ ಶ್ರಮವನ್ನು ಗಂಡ ಗಣಪ ದೈವದ ಲೆಕ್ಕಕ್ಕೆ ಬರೆದುಬಿಡುತ್ತಾನೆ. ಮುಳುಗಡೆಯ ನೀರಿಗಿಂತ ಆ ಒಂದು ಮಾತು ಹೆಚ್ಚು ತಣ್ಣಗಿದೆ.

ಎಸ್.ಎಲ್. ಭೈರಪ್ಪನವರ (1931–2025) ‘ನಾಯಿ ನೆರಳು’ ಕಾದಂಬರಿ ಪ್ರಕಟವಾದದ್ದು 1968ರಲ್ಲಿ. ಪುನರ್ಜನ್ಮವನ್ನು ವಸ್ತುವಾಗಿಸಿಕೊಂಡ ಆ ಕೃತಿ ಸುಮಾರು ನಾಲ್ಕು ದಶಕಗಳ ಅನಂತರ ತೆರೆಗೆ ಬಂದಾಗ ಅದರ ಒತ್ತು ಬೇರೆಯಾಯಿತು. ಪುನರ್ಜನ್ಮ ನಿಜವೋ ಸುಳ್ಳೋ ಎಂಬ ಪ್ರಶ್ನೆಯನ್ನು ಚಿತ್ರ ಇತ್ಯರ್ಥ ಮಾಡಲು ಹೋಗುವುದಿಲ್ಲ. ಅಂಥದೊಂದು ನಂಬಿಕೆ ಒಂದು ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ಅಲ್ಲಿರುವವರಿಗೆ ಏನಾಗುತ್ತದೆ ಎಂಬುದೇ ಅದರ ಕುತೂಹಲ. ಕಥೆಯ ಎಳೆ ಇಷ್ಟು: ಅಚ್ಚಣ್ಣಯ್ಯ ಮತ್ತು ನಾಗಲಕ್ಷ್ಮಿ ದಂಪತಿಗಳ ಮಗ ತೀರಿಕೊಂಡು ಎರಡು ದಶಕಗಳಾಗಿವೆ. ಸೊಸೆ ವೆಂಕು ವೈಧವ್ಯದಲ್ಲಿಯೇ ಯೌವನ ಕಳೆದಿದ್ದಾಳೆ; ಮೊಮ್ಮಗಳು ರಾಜಲಕ್ಷ್ಮಿ ಪಟ್ಟಣದಲ್ಲಿ ಓದುತ್ತಿದ್ದಾಳೆ. ಬೇರೊಂದು ಊರಿನ ಇಪ್ಪತ್ತರ ಹರೆಯದ ತರುಣನೊಬ್ಬನಿಗೆ ಹಿಂದಿನ ಜನ್ಮದ ನೆನಪಿದೆಯೆಂಬ ಸುದ್ದಿ ಬರುತ್ತದೆ. ಅವನು ತನ್ನ ಮಗನೇ ಎಂದು ನಾಗಲಕ್ಷ್ಮಿ ಪಟ್ಟು ಹಿಡಿಯುತ್ತಾಳೆ. ತರುಣ ಮನೆಗೆ ಬರುತ್ತಾನೆ. ಅವನು ಈ ಮುದುಕಿಗೆ ಮಗನಾದರೆ ವೆಂಕುವಿಗೆ ಏನಾಗಬೇಕು?

ಈ ಸರಳ ಪ್ರಶ್ನೆಯೇ ಚಿತ್ರದ ಒಡಲು. ಒಬ್ಬಳ ವಾತ್ಸಲ್ಯವನ್ನು ಒಪ್ಪಿಕೊಂಡರೆ ಇನ್ನೊಬ್ಬಳ ದಾಂಪತ್ಯವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಅದನ್ನು ಒಪ್ಪಿದರೆ ಮೂರನೆಯವಳಿಗೆ ತನ್ನದೇ ವಯಸ್ಸಿನ ಹುಡುಗನನ್ನು ತಂದೆಯೆಂದು ಕರೆಯಬೇಕಾದ ಗತಿ ಬರುತ್ತದೆ. ತರ್ಕ ಚಿಕ್ಕದು, ಫಲ ಘೋರ. ನಾಗಲಕ್ಷ್ಮಿಯದು ಮರುಪ್ರಶ್ನೆಯಿಲ್ಲದ ನಂಬಿಕೆ, ರಾಜಲಕ್ಷ್ಮಿಯದು ಮರುಪ್ರಶ್ನೆಯಿಲ್ಲದ ನಿರಾಕರಣೆ. ಇಬ್ಬರ ನಡುವೆ ನಿಂತ ವೆಂಕು ಮೊದಮೊದಲು ಹಿಂಜರಿಯುತ್ತಾಳೆ, ಆಮೇಲೆ ಒಪ್ಪುತ್ತಾಳೆ. ಊರಿನ ಬಾಯಿಗೆ ಬೀಳುತ್ತಾಳೆ, ಗರ್ಭಿಣಿಯಾಗುತ್ತಾಳೆ, ಮಗುವನ್ನು ಹೆರುತ್ತಾಳೆ. ಕಾಲಕ್ರಮದಲ್ಲಿ ತರುಣನ ಮನಸ್ಸು ಬೇರೊಂದು ಹುಡುಗಿಯತ್ತ ಹೊರಳುತ್ತದೆ. ಮಗಳು ಕಾನೂನಿನ ಮೊರೆಹೊಗುತ್ತಾಳೆ. ಅವನು ಸೆರೆಮನೆ ಸೇರುತ್ತಾನೆ. ಹೊರನೋಟಕ್ಕೆ ಇದು ಮೂಢನಂಬಿಕೆಯೊಂದರ ಅನಾಹುತದ ಕಥೆ. ಹಾಗೆಂದು ಓದಿಕೊಂಡು ಹೊರಬರುವ ಪ್ರೇಕ್ಷಕ ಅರ್ಧ ಚಿತ್ರವನ್ನು ಮಾತ್ರ ನೋಡಿದಂತೆ.

ವೆಂಕುವಿನ ಒಪ್ಪಿಗೆಯು ನಂಬಿಕೆಯಿಂದ ಬಂದದ್ದೆಂದು ಹೇಳಲು ಚಿತ್ರದಲ್ಲಿ ಹೆಚ್ಚು ಆಧಾರವಿಲ್ಲ. ಅವಳು ನಂಬಿಕೆಯನ್ನು ಬಳಸಿಕೊಳ್ಳುತ್ತಾಳೆ. ವಿಧವಾ ವಿವಾಹಕ್ಕೆ ಬ್ರಿಟಿಷ್ ಭಾರತದಲ್ಲಿ 1856ರಲ್ಲಿಯೇ ಕಾಯಿದೆಯ ಮಾನ್ಯತೆ ದೊರೆತಿತ್ತು. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದು ವಿಧವೆಯರ ಆಸ್ತಿಹಕ್ಕನ್ನು ವಿಸ್ತರಿಸಿತ್ತು. ಆದರೆ ಕಾಯಿದೆಯ ಪುಸ್ತಕದಿಂದ ಅಗ್ರಹಾರದ ಅಡುಗೆಮನೆಗೆ ಇರುವ ದೂರ ಬಲು ದೊಡ್ಡದು. ವಿಧವೆಯೊಬ್ಬಳು ‘ನನಗೆ ಮರುಮದುವೆ ಬೇಕು’ ಎಂದು ಹೇಳಿದ್ದರೆ ಆ ಮನೆಯಲ್ಲಿ ಅವಳ ಮಾತಿಗೆ ಕಿವಿಗೊಡುವವರೇ ಇರುತ್ತಿರಲಿಲ್ಲ. ‘ಸತ್ತ ಗಂಡನೇ ಮರಳಿ ಬಂದಿದ್ದಾನೆ’ ಎಂದರೆ ಮಾತ್ರ ಅತ್ತೆಯೇ ಮುಂದೆ ನಿಂತು ಬಾಗಿಲು ತೆರೆಯುತ್ತಾಳೆ. ಸುಧಾರಣೆ ಕೊಡಲಾರದ್ದನ್ನು ಸಂಪ್ರದಾಯ ತನಗರಿವಿಲ್ಲದೆ ಕೊಟ್ಟುಬಿಡುತ್ತದೆ. ವೆಂಕು ಪತಿವ್ರತೆಯಾಗಿ ಉಳಿದೇ ವೈಧವ್ಯವನ್ನು ದಾಟುತ್ತಾಳೆ. ಇದರ ಇನ್ನೊಂದು ಮಗ್ಗುಲು ಮತ್ತೂ ಕ್ರೂರವಾದದ್ದು: ಸ್ತ್ರೀಯರ ಬಿಡುಗಡೆಗೆಂದು ಬಂದ ಆಧುನಿಕ ನ್ಯಾಯವ್ಯವಸ್ಥೆ, ಓದಿದ ಮಗಳ ಕೈಯಲ್ಲಿ, ತಾಯಿಯು ಹೇಗೋ ಪಡೆದುಕೊಂಡ ತುಸು ಬದುಕನ್ನು ಕಿತ್ತುಕೊಳ್ಳುವ ಉಪಕರಣವಾಗುತ್ತದೆ.

ರಾಜಲಕ್ಷ್ಮಿಯನ್ನು ಖಳಳೆಂದು ಬಗೆಯುವುದು ಅನ್ಯಾಯವಾದೀತು. ಅವಳ ಮಾತುಗಳಲ್ಲಿ ತಪ್ಪು ಹುಡುಕುವುದು ಕಷ್ಟ. ತರುಣನು ಮೋಸಗಾರನಿರಬಹುದೆಂಬ ಅವಳ ಶಂಕೆ ಸಹಜ. ತಾಯಿಯನ್ನು ಅಜ್ಜಿಯ ಹುಚ್ಚಿಗೆ ಬಲಿಕೊಡಲಾಗುತ್ತಿದೆಯೆಂಬ ಅವಳ ಆಕ್ರೋಶದಲ್ಲಿ ಪ್ರೀತಿಯೂ ಇದೆ. ಹಾಸ್ಟೆಲಿನಲ್ಲಿ ಗೆಳತಿಯರ ನಡುವೆ ತಾಯಿಯ ಗರ್ಭದ ಸುದ್ದಿಯನ್ನು ಹೊತ್ತು ತಿರುಗಬೇಕಾದ ಹುಡುಗಿಯ ಅವಮಾನವನ್ನು ಅಲಕ್ಷಿಸುವಂತಿಲ್ಲ. ಆದರೆ ಅವಳ ವಿಚಾರವಾದಕ್ಕೆ ಒಂದು ಕುರುಡು ಬಿಂದುವಿದೆ. ತಾಯಿಗೆ ಏನು ಬೇಕು ಎಂದು ಅವಳು ಕೇಳುವುದಿಲ್ಲ. ತಾಯಿಗೆ ಏನು ಒಳ್ಳೆಯದು ಎಂಬುದು ತನಗೆ ಗೊತ್ತಿದೆಯೆಂದು ತಿಳಿಯುತ್ತಾಳೆ. ಈ ಒಂದು ಅಂಶದಲ್ಲಿ ಅವಳಿಗೂ ಅವಳು ಧಿಕ್ಕರಿಸುವ ಊರಿಗೂ ವ್ಯತ್ಯಾಸವಿಲ್ಲ. ಆಧುನಿಕತೆಯ ವಿಮರ್ಶೆಯ ಹೆಸರಿನಲ್ಲಿ ಸಂಪ್ರದಾಯದ ಸಮರ್ಥನೆಗೆ ಇಳಿಯುವ ಅಪಾಯದಿಂದ ಚಿತ್ರ ಪಾರಾಗುವುದು ಇಲ್ಲಿಯೇ. ಅದು ಎರಡನ್ನೂ ವೆಂಕುವಿನ ನೆಲೆಯಿಂದ ಅಳೆಯುತ್ತದೆ.

ತಾಯಿ-ಮಗಳ ಕಹಿಯನ್ನು ವಸ್ತುವಾಗಿಸಿಕೊಂಡ ಇಂಗ್ಮಾರ್ ಬರ್ಗ್‌ಮನ್‌ನ ‘ಆಟಮ್ ಸೊನಾಟಾ’ (1978) ಚಿತ್ರ ಇಲ್ಲಿ ನೆನಪಾಗುವುದು ಸಹಜ. ಅದೂ ಮಾಗಿದ ನಿರ್ದೇಶಕನೊಬ್ಬನ ಕೃತಿ. ಪ್ರಸಿದ್ಧ ಪಿಯಾನೊ ವಾದಕಿಯಾದ ತಾಯಿ ಷಾರ್ಲೆಟ್ ಬಹುಕಾಲದ ಅನಂತರ ಮಗಳು ಈವಾಳ ಮನೆಗೆ ಬರುತ್ತಾಳೆ. ಒಂದು ರಾತ್ರಿ ಮಗಳು ಬಾಲ್ಯದಿಂದ ಕೂಡಿಟ್ಟ ದೂರುಗಳನ್ನೆಲ್ಲ ತಾಯಿಯ ಮುಖಕ್ಕೆ ಹೇಳಿಬಿಡುತ್ತಾಳೆ. ಅಲ್ಲಿನ ಜಗತ್ತು ಇಬ್ಬರ ಮುಖಗಳಷ್ಟೇ ವಿಸ್ತಾರವಾದದ್ದು. ಕಾಸರವಳ್ಳಿಯವರಲ್ಲಿ ಅಂಥ ರಾತ್ರಿಯ ಮಾತುಕತೆಗೆ ಅವಕಾಶವೇ ಇಲ್ಲ. ಕನ್ನಡದ ಈ ಮನೆಯಲ್ಲಿ ತಾಯಿ-ಮಗಳ ನಡುವೆ ಅತ್ತೆ, ಮಾವ, ಊರು, ಜಾತಿ, ಧರ್ಮಶಾಸ್ತ್ರ, ಕಡೆಗೆ ನ್ಯಾಯಾಲಯ ಇವೆಲ್ಲ ಬಂದು ನಿಲ್ಲುತ್ತವೆ. ಅಲ್ಲಿ ಮಗಳ ಆರೋಪವನ್ನು ಕೇಳುವವಳು ತಾಯಿ. ಇಲ್ಲಿ ಕೇಳುವುದು ಕಟಕಟೆ. ಬರ್ಗ್‌ಮನ್‌ನ ತಾಯಿ ತನ್ನ ಕಲೆಗಾಗಿ ಮಗಳನ್ನು ಕಡೆಗಣಿಸಿದವಳು, ವೆಂಕು ಮಗಳಿಗಾಗಿ ಇಪ್ಪತ್ತು ವರ್ಷ ತನ್ನನ್ನು ಕಡೆಗಣಿಸಿಕೊಂಡವಳು. ಆದರೂ ಇಬ್ಬರೂ ಅಪರಾಧಿಗಳಾಗುವುದು, ತಾಯಿಯಾಗಿರುವುದರ ಹೊರತಾಗಿಯೂ ತಮಗೊಂದು ಬದುಕಿದೆ ಎಂದು ತೋರಿಸಿಕೊಂಡ ಕಾರಣಕ್ಕೆ.

ನಾಗಲಕ್ಷ್ಮಿಯ ಪಾತ್ರವನ್ನು ಭೈರಪ್ಪನವರದೇ ‘ಗೃಹಭಂಗ’ದ ಗಂಗಮ್ಮನ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಕಾಸರವಳ್ಳಿಯವರು ಆ ಕಾದಂಬರಿಯನ್ನು ಕಿರುತೆರೆಯ ಧಾರಾವಾಹಿಯಾಗಿಯೂ ರೂಪಿಸಿದ್ದರು. ಗಂಗಮ್ಮನ ಕಹಿ ನಾಲಗೆಯಲ್ಲಿದೆ. ಬೈಗುಳದ ಮೂಲಕ ಅದು ಹೊರಗೆ ಹರಿದುಹೋಗುತ್ತದೆ, ನಂಜಮ್ಮನಂಥ ಗಟ್ಟಿಗಿತ್ತಿ ಅದನ್ನು ಎದುರಿಸಲೂ ಬಲ್ಲಳು. ನಾಗಲಕ್ಷ್ಮಿ ಯಾರನ್ನೂ ಹಿಂಸಿಸುವ ಉದ್ದೇಶದವಳಲ್ಲ. ಕಳೆದುಕೊಂಡ ಮಗನನ್ನು ಮತ್ತೆ ಕಂಡ ತಾಯಿಯ ಹಿಗ್ಗು ಅವಳದು. ಅಂಥ ಹಿಗ್ಗನ್ನು ಎದುರಿಸುವ ಬಗೆ ಹೇಗೆ? ರಾಮೇಶ್ವರಿ ವರ್ಮ ಅವರು ಈ ಪಾತ್ರವನ್ನು ನಿರ್ವಹಿಸಿದ ರೀತಿಯಲ್ಲಿ ಅಬ್ಬರವಿಲ್ಲ. ವೆಂಕುವಾಗಿ ಪವಿತ್ರಾ ಲೋಕೇಶ್ ಅವರ ಅಭಿನಯವಂತೂ ಹೆಚ್ಚಿನ ಭಾಗ ಮೌನದಲ್ಲಿಯೇ ನಡೆಯುತ್ತದೆ. ಅದಕ್ಕೆ ರಾಜ್ಯ ಪ್ರಶಸ್ತಿ ದೊರೆತದ್ದು ಉಚಿತವಾಗಿಯೇ ಇದೆ. ರಾಜಲಕ್ಷ್ಮಿಯ ಪಾತ್ರ ಅನನ್ಯಾ ಕಾಸರವಳ್ಳಿ ಅವರದು. ‘ಘಟಶ್ರಾದ್ಧ’ದ ಕಾಲದಿಂದ ನಿರ್ದೇಶಕರ ಸಂಗಡವಿದ್ದ ಎಸ್. ರಾಮಚಂದ್ರ ಅವರ ಛಾಯಾಗ್ರಹಣದಲ್ಲಿ ಪಾತ್ರಗಳನ್ನು ಆವರಣದಿಂದ ಬಿಡಿಸಿ ನೋಡುವ ಆತುರವಿಲ್ಲ.

ಚಿತ್ರದ ದೌರ್ಬಲ್ಯವಿರುವುದು ತರುಣನ ಪಾತ್ರದಲ್ಲಿ. ಅವನ ಪೂರ್ವಸ್ಮೃತಿ ಸಾಚಾವೋ ನಟನೆಯೋ ಎಂಬುದನ್ನು ಅಸ್ಪಷ್ಟವಾಗಿ ಬಿಟ್ಟದ್ದು ಕಥನದ ಅಗತ್ಯವೇ ಸರಿ. ಆದರೆ ಅಸ್ಪಷ್ಟತೆ ಬೇರೆ, ಟೊಳ್ಳುತನ ಬೇರೆ. ತನಗಿಂತ ಬಹಳ ಹಿರಿಯಳಾದ ಹೆಣ್ಣಿಗೆ ಗಂಡನಾಗಿ, ಅಪರಿಚಿತ ಮುದುಕರಿಗೆ ಮಗನಾಗಿ ಬದುಕಬೇಕಾದ ಇಪ್ಪತ್ತರ ಹುಡುಗನೂ ಈ ಏರ್ಪಾಡಿನ ಬಲಿಪಶುವೇ. ಅವನ ಕಹಿಗೆ ಚಿತ್ರದಲ್ಲಿ ಅಷ್ಟಾಗಿ ಜಾಗ ಸಿಕ್ಕಿಲ್ಲ. ಹೆಂಡತಿಯ ಹಟಕ್ಕೂ ತನ್ನ ಅನುಮಾನಕ್ಕೂ ನಡುವೆ ತೂಗಾಡುವ ಅಚ್ಚಣ್ಣಯ್ಯ ಈ ದೃಷ್ಟಿಯಿಂದ ಹೆಚ್ಚು ತುಂಬಿಕೊಂಡ ವ್ಯಕ್ತಿಯಾಗಿದ್ದಾನೆ.

ಇದೇ ಶೋಧನೆ ಐದು ವರ್ಷಗಳ ಅನಂತರ, ಕುಂ. ವೀರಭದ್ರಪ್ಪನವರ ಕಥೆಯನ್ನು ಆಧರಿಸಿದ ‘ಕೂರ್ಮಾವತಾರ’ದಲ್ಲಿ (2011) ನಗರದ ಮನೆಗೆ ಬರುತ್ತದೆ. ನಿವೃತ್ತಿಯ ಅಂಚಿನಲ್ಲಿರುವ ಸರ್ಕಾರಿ ನೌಕರ ಆನಂದರಾಯರಿಗೆ ಧಾರಾವಾಹಿಯೊಂದರಲ್ಲಿ ಗಾಂಧಿಯ ಪಾತ್ರ ದೊರೆಯುತ್ತದೆ. ಆ ಪಾತ್ರದ ಹಿಂದೆ ಗಾಂಧಿ ಮತ್ತು ಅವರ ಹಿರಿಯ ಮಗ ಹರಿಲಾಲರ ನಡುವಣ ಕಹಿಯ ಚರಿತ್ರೆಯ ನೆರಳಿದೆ. ತಂದೆಯಿಂದ ದೂರವಾಗಿ, 1936ರಲ್ಲಿ ಮತಾಂತರಗೊಂಡು ಮರಳಿದ ಹರಿಲಾಲರು, ತಂದೆಯ ಹತ್ಯೆಯಾದ ಕೆಲವೇ ತಿಂಗಳುಗಳಲ್ಲಿ, 1948ರಲ್ಲಿ ತೀರಿಕೊಂಡರು. ಲೋಕಕ್ಕೆ ತಂದೆಯಾದವನು ಮನೆಯಲ್ಲಿ ತಂದೆಯಾಗಬಲ್ಲನೆ ಎಂಬ ಆ ಹಳೆಯ ಪ್ರಶ್ನೆ, ಗಾಂಧಿಯ ವೇಷ ತೊಟ್ಟ ಸಾಮಾನ್ಯ ನೌಕರನ ಮನೆಯಲ್ಲಿ ಮತ್ತೆ ತಲೆಯೆತ್ತುತ್ತದೆ. ಅಲ್ಲಿ ಪುನರ್ಜನ್ಮದ ಬದಲು ಪಾತ್ರಧಾರಣೆ. ಆದರೆ ಇನ್ನೊಬ್ಬನಾಗಿ ಬದುಕಬೇಕಾದವನ ಸುತ್ತ ಕುಟುಂಬ ಹೇಗೆ ನಡೆದುಕೊಳ್ಳುತ್ತದೆ ಎಂಬ ವಿಚಾರಣೆ ಒಂದೇ. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆದ ಆ ಕೃತಿಯಲ್ಲಿ ವ್ಯಂಗ್ಯದ ಲವಲವಿಕೆ ಇದೆ. ‘ನಾಯಿ ನೆರಳು’ ಅದನ್ನೂ ಬಿಟ್ಟುಕೊಟ್ಟ ಚಿತ್ರ.

‘ಘಟಶ್ರಾದ್ಧ’ದ ಯಮುನಕ್ಕ ಮತ್ತು ವೆಂಕು ಇಬ್ಬರೂ ವಿಧವೆಯರು, ಇಬ್ಬರೂ ಗರ್ಭಿಣಿಯರಾದವರು. ಇಬ್ಬರ ನಡುವೆ 29 ವರ್ಷಗಳ ಅಂತರವಿದೆ. ಯಮುನಕ್ಕನನ್ನು ಶಿಕ್ಷಿಸುವವನು ತಂದೆ. ಮಂತ್ರ ಅವನ ಆಯುಧ. ಮಗಳ ಶ್ರಾದ್ಧ ಮುಗಿಸಿದ ಆ ಮುದುಕನೇ ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟಿರುವ ಸುದ್ದಿಯೊಂದಿಗೆ ಆ ಚಿತ್ರ ಮುಗಿಯುತ್ತದೆ. ವೆಂಕುವನ್ನು ಶಿಕ್ಷಿಸುವವಳು ಮಗಳು. ಕಾಯಿದೆ ಅವಳ ಆಯುಧ. ಯಮುನಕ್ಕನ ಗರ್ಭ ಉಳಿಯಲಿಲ್ಲ. ಅಶ್ವತ್ಥದ ಕೆಳಗೆ ಬೋಳುತಲೆಯಲ್ಲಿ ಕುಳಿತ ಅವಳಿಗೆ ಹೇಳಲು ಮಾತೇ ಉಳಿದಿರಲಿಲ್ಲ. ವೆಂಕುವಿನ ಮಡಿಲಲ್ಲಿ ಮಗುವಿದೆ, ಬಾಯಲ್ಲಿ ಮಾತೂ ಇದೆ. ಮಗಳು ಗೆದ್ದುಕೊಟ್ಟ ನ್ಯಾಯ ಅವಳಿಗೆ ಬೇಕಾಗಿಲ್ಲ.