ಚಳಿ ಬೀಡುಬಿಡುವುದೇಕೆ?

ಚಳಿಗಾಲದ ಕಾರಣವನ್ನು ಸೂರ್ಯಕಿರಣಗಳ ಓರೆಯಲ್ಲಿ ತೋರಿಸಿ ನಾವು ಅಧ್ಯಾಪಕರು ಮುಂದಿನ ಪಾಠಕ್ಕೆ ಸಾಗುತ್ತೇವೆ. ಅದು ತಪ್ಪಲ್ಲ, ಆದರೆ ಸಾಲದು. ಕಿರಣಗಳ ಓರೆ ಪ್ರತಿವರ್ಷವೂ ಒಂದೇ ಆಗಿರಲು, 1963ರ ಜನವರಿಯಲ್ಲಿ ಇಂಗ್ಲೆಂಡಿನ ಕೆಂಟ್ ತೀರದ ಕಡಲು ಹೆಪ್ಪುಗಟ್ಟಿದ್ದೇಕೆಂದು ಚುರುಕು ಹುಡುಗನೊಬ್ಬ ಕೇಳಿದರೆ ಏನೆನ್ನಬೇಕು? ‘ಶೀತದ ಅಲೆ ಬಂದಿತು’ ಎಂಬುದು ಉತ್ತರವಲ್ಲ. ಬಂದ ಅಲೆ ಹತ್ತು ವಾರ ನಿಂತಿತೇಕೆ ಎಂಬುದೇ ಪ್ರಶ್ನೆ.

ಲಂಡನ್ನಿನ ಅಕ್ಷಾಂಶದಲ್ಲಿಯೇ ಇರುವ ದಕ್ಷಿಣ ಲ್ಯಾಬ್ರಡಾರ್ ಚಳಿಗಾಲದಲ್ಲಿ ಹಿಮದಡಿ ಹುದುಗಿರುತ್ತದೆ. ಲಂಡನ್ನನ್ನು ಕಾಯುವುದು ಅಟ್ಲಾಂಟಿಕ್ ಸಾಗರದ ಬಿಸುಪನ್ನು ಹೊತ್ತು ತರುವ ಪಶ್ಚಿಮ ಮಾರುತ. ಐಸ್‌ಲ್ಯಾಂಡಿನ ಬಳಿ ವಾಯುವಿನ ಒತ್ತಡ ಕಡಮೆ, ಅಜೋರ್ಸ್ ದ್ವೀಪಗಳ ಬಳಿ ಹೆಚ್ಚು. ಈ ಅಂತರವಿರುವವರೆಗೆ ಆ ಗಾಳಿ ಬಲವಾಗಿ ಬೀಸುತ್ತದೆ. ಅಂತರದ ಏರಿಳಿತಕ್ಕೆ ‘ಉತ್ತರ ಅಟ್ಲಾಂಟಿಕ್ ಆಂದೋಲನ’ವೆಂದು ಹೆಸರಿಟ್ಟವರು ಗಿಲ್ಬರ್ಟ್ ವಾಕರ್. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಇವರು, ನಮ್ಮ ಮುಂಗಾರಿನ ಮುನ್ಸೂಚನೆಗಾಗಿ ಲೋಕದ ಒತ್ತಡದ ಅಂಕಿಗಳನ್ನು ಹೋಲಿಸುತ್ತ ಈ ವಿಷಯಕ್ಕೆ ಬಂದವರೆಂಬುದು ಗಮನಾರ್ಹ.

1962ರ ಡಿಸೆಂಬರ್ ಕೊನೆಯಿಂದ ಈ ಏರ್ಪಾಡು ತಲೆಕೆಳಗಾಯಿತು. ಐಸ್‌ಲ್ಯಾಂಡಿನ ಸುತ್ತ ಅಧಿಕ ಒತ್ತಡ ನೆಲೆಸಿತು. ಉತ್ತರಾರ್ಧಗೋಳದಲ್ಲಿ ಅಧಿಕ ಒತ್ತಡವನ್ನು ಗಾಳಿಯು ಗಡಿಯಾರದ ಮುಳ್ಳಿನಂತೆ ಬಲಸುತ್ತುವುದರಿಂದ, ಅದರ ದಕ್ಷಿಣಕ್ಕಿದ್ದ ಬ್ರಿಟನ್ನಿಗೆ ಹೆಪ್ಪುಗಟ್ಟಿದ ನೆಲದ ಮೇಲಿಂದ ಮೂಡಣ ಗಾಳಿ ಬೀಸಿತು. ಸುಮಾರು ಹತ್ತು ಕಿಲೋಮೀಟರು ಎತ್ತರದಲ್ಲಿ ಹರಿಯುವ ಜೆಟ್ ಪ್ರವಾಹವು, ಬಂಡೆ ಅಡ್ಡ ಬಂದ ಹೊಳೆಯಂತೆ, ಬಳಸಿ ಹರಿಯಿತು. ಆದರೆ ಹೋಲಿಕೆ ಇಲ್ಲಿಗೇ ಮುಗಿಯುತ್ತದೆ: ಬಂಡೆಯನ್ನು ಹೊಳೆ ಸವೆಸುತ್ತದೆ, ಈ ‘ಬಂಡೆ’ಯನ್ನಾದರೋ ಅದರ ಅಂಚಿನಲ್ಲಿ ಸಾಗುವ ಚಂಡಮಾರುತಗಳು ದಕ್ಷಿಣದ ಬೆಚ್ಚನೆಯ ಗಾಳಿಯನ್ನು ಉತ್ತರಕ್ಕೆ ತಳ್ಳಿ ಮತ್ತೆ ಮತ್ತೆ ಪೋಷಿಸುತ್ತವೆ. ಕೆಳಗೆ ಹಿಮದ ಹಾಸು ಬಿಸಿಲನ್ನು ಹಿಂದಕ್ಕೆ ಚೆಲ್ಲುತ್ತದೆ; ಮೋಡವಿಲ್ಲದ ದೀರ್ಘರಾತ್ರಿಗಳಲ್ಲಿ ನೆಲದ ಶಾಖ ಆಕಾಶಕ್ಕೆ ಸೋರಿಹೋಗುತ್ತದೆ. ಮಧ್ಯ ಇಂಗ್ಲೆಂಡಿನಲ್ಲಿ ಆ ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 2.1 ಡಿಗ್ರಿ ಸೆಂಟಿಗ್ರೇಡ್ ಕೆಳಗಿತ್ತು. 1814ರಿಂದೀಚೆಗೆ ಅಂತಹ ಜನವರಿ ಬಂದಿರಲಿಲ್ಲ.

ಲೋಕವೆಲ್ಲ ತಣ್ಣಗಾಯಿತೆಂದು ಹುಡುಗರು ತಿಳಿಯಬಾರದು. ಅದೇ ಸಮಯದಲ್ಲಿ ಪಶ್ಚಿಮ ಗ್ರೀನ್‌ಲ್ಯಾಂಡ್ ವಾಡಿಕೆಗಿಂತ ಬೆಚ್ಚಗಿತ್ತು; ಶಾಖದ ಹಂಚಿಕೆ ಬದಲಾಗಿತ್ತು, ಅಷ್ಟೆ. ಮಾರ್ಚ್ ಮೊದಲ ವಾರದಲ್ಲಿ ಅಡ್ಡಿ ಕರಗಿ ಸಾಗರದ ಗಾಳಿ ಮರಳಿತು. ಆ ವರ್ಷ ಬ್ರಿಟನ್ನಿನಲ್ಲಿ ಎಲ್ಲಿಯೂ ಇಬ್ಬನಿ ಹೆಪ್ಪುಗಟ್ಟದ ಮೊದಲ ಬೆಳಗು ಮಾರ್ಚ್ 6ರದು.