ದಾನದ ಅಂಗವೂ ಅದರ ದಾರಿಯೂ

1967ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಮೊದಲ ಬಾರಿಗೆ ಒಬ್ಬರ ಹೃದಯವನ್ನು ಮತ್ತೊಬ್ಬರಿಗೆ ಜೋಡಿಸಿದಾಗ ದಾನಿಯೂ ರೋಗಿಯೂ ಒಂದೇ ಆಸ್ಪತ್ರೆಯಲ್ಲಿದ್ದರು. ಹೃದಯ ಸಾಗಬೇಕಾಗಿದ್ದುದು ಕೆಲವೇ ಹೆಜ್ಜೆಗಳ ದಾರಿ. ಈಗ ದಾನಿ ಒಂದು ಊರಿನಲ್ಲಿ, ರೋಗಿ ಇನ್ನೊಂದು ಊರಿನಲ್ಲಿ ಇರುವುದುಂಟು. 2014ರಲ್ಲಿ ಬೆಂಗಳೂರಿನ ದಾನಿಯ ಹೃದಯ ವಿಮಾನವೇರಿ ಚೆನ್ನೈಯ ರೋಗಿಯನ್ನು ತಲುಪಿತು. 2021ರಲ್ಲಿ ಹೈದರಾಬಾದಿನ ನಾಗೋಲಿನಿಂದ ಜೂಬಿಲಿ ಹಿಲ್ಸ್‌ವರೆಗಿನ 21 ಕಿಲೋಮೀಟರುಗಳನ್ನು ಒಂದು ಹೃದಯ ಮೆಟ್ರೋ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಕ್ರಮಿಸಿತು. ಇಷ್ಟೊಂದು ಅವಸರವೇಕೆ?

ದಾನಿಯ ದೇಹದಲ್ಲಿ ಅಂಗಕ್ಕೆ ಹರಿಯುವ ರಕ್ತವನ್ನು ತಡೆದ ಕ್ಷಣದಿಂದ, ರೋಗಿಯ ದೇಹದಲ್ಲಿ ಅದಕ್ಕೆ ಮತ್ತೆ ರಕ್ತ ಹರಿಯುವವರೆಗಿನ ಅವಧಿಯೇ ಇಲ್ಲಿ ನಿರ್ಣಾಯಕ. ರಕ್ತವಿಲ್ಲದ ಜೀವಕೋಶಕ್ಕೆ ಆಮ್ಲಜನಕವಿಲ್ಲ. ಆಮ್ಲಜನಕವಿಲ್ಲದೆ ಸಾಕಷ್ಟು ಶಕ್ತಿ ಹುಟ್ಟದು. ಆಗ ಕೋಶದೊಳಗಿನ ಸೋಡಿಯಮ್ಮನ್ನು ಹೊರದೂಡುವ ಕೆಲಸ ನಿಲ್ಲುತ್ತದೆ. ಅದರ ಬೆನ್ನಿಗೇ ನೀರೂ ಒಳಸೇರಿ ಕೋಶ ಊದಿಕೊಳ್ಳುತ್ತದೆ. ಇದನ್ನು ನಿಧಾನಗೊಳಿಸಲು ವಿಶೇಷ ದ್ರಾವಣದಿಂದ ಅಂಗದೊಳಗಿನ ರಕ್ತವನ್ನು ತೊಳೆದು, ಸುಮಾರು 4 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಸುತ್ತಾರೆ. ಅಂಗದ ಆಮ್ಲಜನಕದ ಬೇಡಿಕೆ ಆಗ ಹತ್ತರಲ್ಲೊಂದು ಪಾಲಿನಷ್ಟಕ್ಕೆ ಇಳಿಯುತ್ತದೆ, ಇಲ್ಲವಾಗುವುದಿಲ್ಲ. ಪೆಟ್ಟಿಗೆಯ ತುಂಬ ಮಂಜುಗಡ್ಡೆಯಿದ್ದರೂ ಅದು ಅಂಗಕ್ಕೆ ನೇರವಾಗಿ ತಾಗಕೂಡದು, ಹೆಪ್ಪುಗಟ್ಟಿದರೆ ಅಂಗ ಕೆಡುತ್ತದೆ. ಒಂದರೊಳಗೊಂದು ಚೀಲವಿಡುವುದು ಇದಕ್ಕಾಗಿಯೇ. ವಿಚಿತ್ರವೆಂದರೆ, ರಕ್ತ ಮರಳಿ ಹರಿಯುವಾಗಲೂ ಹಾನಿ ತಪ್ಪಿದ್ದಲ್ಲ. ದೀರ್ಘ ಉಪವಾಸದವನಿಗೆ ಒಮ್ಮೆಗೇ ಔತಣ ಬಡಿಸಿದಂತೆ, ಥಟ್ಟನೆ ಬಂದ ಆಮ್ಲಜನಕವೇ ಕೋಶಗಳನ್ನು ನೋಯಿಸುತ್ತದೆ. ಕಾದ ಹೊತ್ತು ಹೆಚ್ಚಿದಷ್ಟೂ ಈ ಪೆಟ್ಟು ಬಲವಾಗುತ್ತದೆ.

ಎಲ್ಲ ಅಂಗಗಳ ತಾಳ್ಮೆ ಒಂದೇ ಅಲ್ಲ. ಮಂಜಿನ ಪೆಟ್ಟಿಗೆಯಲ್ಲಿ ಹೃದಯಕ್ಕೆ 4ರಿಂದ 6 ಗಂಟೆ, ಯಕೃತ್ತಿಗೆ ಸುಮಾರು 12 ಗಂಟೆ. ಮೂತ್ರಪಿಂಡ ಒಂದು ದಿನವನ್ನೂ ತಾಳಬಲ್ಲದು. ತಡವಾಗಿ ತಲುಪಿದ ಮೂತ್ರಪಿಂಡ ಕೆಲವು ದಿನ ಕೆಲಸ ಮಾಡದೆ ಮಂಕಾಗಿರಬಹುದು. ಅಷ್ಟು ದಿನ ರೋಗಿಯನ್ನು ಡಯಾಲಿಸಿಸ್ ಕಾಯುತ್ತದೆ. ಹೃದಯಕ್ಕೆ ಅಂಥ ವಿರಾಮವಿಲ್ಲ. ಜೋಡಿಸಿದೊಡನೆ ಅದು ಇಡೀ ದೇಹದ ಭಾರ ಹೊರಬೇಕು.

ಪತ್ರಿಕೆಗಳು ಆಂಬುಲೆನ್ಸಿನ ವೇಗವನ್ನೂ ಪೊಲೀಸರು ತೆರವು ಮಾಡಿಕೊಡುವ ಹಸಿರು ಪಥವನ್ನೂ ಕೊಂಡಾಡುತ್ತವೆ. ಕೊಂಡಾಡತಕ್ಕದ್ದೇ. ಆದರೆ ಎರಡು ಆಸ್ಪತ್ರೆಗಳ ನಡುವಿನ ದೂರವಾಣಿ ಮಾತಿನ ಬೆಲೆಯೂ ಕಡಮೆಯದಲ್ಲ. ಹೃದಯ ಇನ್ನೂ ದಾರಿಯಲ್ಲಿರುವಾಗಲೇ ರೋಗಿಯ ಎದೆಯನ್ನು ತೆರೆದು ಸಿದ್ಧಗೊಳಿಸಿರಬೇಕು. ಬಾಗಿಲಿಗೆ ಬಂದ ಪೆಟ್ಟಿಗೆ ಕಾಯುತ್ತ ಕುಳಿತರೆ ರಸ್ತೆಯಲ್ಲಿ ಉಳಿಸಿದ ನಿಮಿಷಗಳೆಲ್ಲ ವ್ಯರ್ಥ. ಮಂಜುಗಡ್ಡೆಯ ಬದಲು, ದೇಹದ ಬಿಸಿಯಲ್ಲೇ ರಕ್ತ ಹರಿಸಿ ಹೃದಯವನ್ನು ಬಡಿಯುತ್ತಲೇ ಇರಿಸುವ ಯಂತ್ರಗಳೂ ಈಗ ಬಂದಿವೆ. ಅವು ದುಬಾರಿ.

ಗಡಿಯಾರದ ಲೆಕ್ಕ ಆರಂಭವಾಗುವ ಮುನ್ನ ಇನ್ನೊಂದು ಕಾಯುವಿಕೆಯಿದೆ. ಮಿದುಳು ಸಾವನ್ನು 1994ರ ಕಾನೂನು ಮರಣವೆಂದೇ ಒಪ್ಪುತ್ತದೆ. ಆಗಲೂ ಕೃತಕ ಉಸಿರಾಟದ ನೆರವಿನಿಂದ ಹೃದಯ ಬಡಿಯುತ್ತಿರುತ್ತದೆ. ಕುಟುಂಬದವರು ಯೋಚಿಸುವಷ್ಟು ಹೊತ್ತೂ ಅಂಗಗಳಿಗೆ ರಕ್ತ ದೊರೆಯುತ್ತದೆ, ಆದರೆ ಆ ಸ್ಥಿತಿಯನ್ನು ಬಹುಕಾಲ ಕಾಪಾಡಲಾಗದು. ಬದುಕಿದ್ದಾಗ ದಾನಪತ್ರಕ್ಕೆ ಸಹಿ ಹಾಕಿದವರ ವಿಷಯದಲ್ಲೂ ಆಸ್ಪತ್ರೆಯವರು ಹತ್ತಿರದ ಬಂಧುಗಳ ಒಪ್ಪಿಗೆ ಕೇಳುತ್ತಾರೆ. ಮಗ ಮುಂಬಯಿಯಲ್ಲಿ, ತಂದೆತಾಯಿ ಧಾರವಾಡದಲ್ಲಿ ಇರುವ ಮನೆಗಳಲ್ಲಿ ಆ ಮಾತು ನಡೆಯಬೇಕಾದುದು ದೂರವಾಣಿಯಲ್ಲಿ, ನಡುರಾತ್ರಿಯಲ್ಲಿ. ಮಗನ ಇಚ್ಛೆ ಮೊದಲೇ ತಿಳಿದಿದ್ದ ಮನೆಯಲ್ಲಿ ಆ ಮಾತು ಬೇಗ ಮುಗಿಯುತ್ತದೆ.