ಕರೆಯ ಬದಿಯಲ್ಲೇ ಕ್ಯಾಮೆರಾ ಪಾಠ

ಕಂಬಳದ ಕೋಣಗಳು ಓಟ ಶುರುವಾಗುವ ಗಂತಿನಿಂದ ಹೊರಟರೆ ಓಟ ಮುಗಿಯುವ ಮಂಜೊಟ್ಟಿ ಮುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ. 2020ರಲ್ಲಿ ಐಕಳದ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡಿನಲ್ಲಿ ಕ್ರಮಿಸಿದಾಗ ದೇಶವೇ ತಿರುಗಿ ನೋಡಿತು. ಇಂಥ ಓಟವನ್ನು ಚಿತ್ರದಲ್ಲಿ ಹಿಡಿಯುವ ವಿದ್ಯೆ ಪುಸ್ತಕ ಓದಿದ ಮಾತ್ರಕ್ಕೆ ಕೈಗೆ ಹತ್ತುವುದಿಲ್ಲ. ತಿಳಿದವರ ಪಕ್ಕದಲ್ಲಿ ನಿಂತು, ತೆಗೆದ ಚಿತ್ರವನ್ನು ಅಲ್ಲೇ ತೋರಿಸಿ ತಿದ್ದಿಸಿಕೊಳ್ಳಬೇಕು. ಆ್ಯಕ್ಷನ್ ಫೋಟೊಗ್ರಫಿ ಕಾರ್ಯಾಗಾರಗಳ ಬಲ ಇರುವುದೇ ಇಲ್ಲಿ.

ಮೊದಲ ಪಾಠ ಷಟರ್ ವೇಗದ್ದು. ಸೆಕೆಂಡಿಗೆ ಹತ್ತು ಮೀಟರ್ ಓಡುವವನು 1/1000 ಸೆಕೆಂಡಿನಲ್ಲಿ ಒಂದು ಸೆಂಟಿಮೀಟರ್ ಸರಿಯುತ್ತಾನೆ. 1/50 ಸೆಕೆಂಡಿನಲ್ಲಿ ಇಪ್ಪತ್ತು ಸೆಂಟಿಮೀಟರ್. ಕೆಸರುನೀರಿನ ಹನಿಗಳು ಒಂದೊಂದಾಗಿ ಕಾಣಬೇಕೆಂದರೆ 1/1000ಕ್ಕಿಂತ ಕೆಳಗಿಳಿಯಬಾರದು. ವೇಗವೇ ಕಾಣಬೇಕೆಂದರೆ 1/50ರಲ್ಲಿ ಪ್ಯಾನಿಂಗ್ ಮಾಡಬೇಕು: ಮೊಣಕೈ ಪಕ್ಕೆಗೆ ಒತ್ತಿ, ಕಾಲು ಕದಲಿಸದೆ, ಸೊಂಟದಿಂದ ಮೇಲೆ ಮಾತ್ರ ತಿರುಗುತ್ತಾ ಓಟಗಾರನನ್ನು ಹಿಂಬಾಲಿಸುವುದು. ಕ್ಲಿಕ್ ಆದ ಮೇಲೂ ತಿರುಗುವುದು ನಿಲ್ಲಬಾರದು. ಇದನ್ನು ರಸ್ತೆಯಲ್ಲಿ ಹೋಗುವ ಬೈಕುಗಳ ಮೇಲೆ ಮೊದಲೇ ಅಭ್ಯಾಸ ಮಾಡಿಕೊಂಡರೆ ಕಂಬಳದಲ್ಲಿ ಕೈ ನಡುಗುವುದಿಲ್ಲ.

ಎರಡನೆಯ ತೊಡಕು ಬಣ್ಣದ್ದು. ಕೋಣ ಕಪ್ಪು, ಬಿಸಿಲಿಗೆ ಹಾರುವ ನೀರು ಬಿಳಿ. ಚೌಕಟ್ಟಿನ ತುಂಬ ಕಪ್ಪು ಕಂಡ ಕ್ಯಾಮೆರಾ ಬೆಳಕು ಸಾಲದೆಂದು ಎಣಿಸಿ ಎಕ್ಸ್‌ಪೋಷರ್ ಹೆಚ್ಚಿಸುತ್ತದೆ. ಕೋಣ ಬೂದಿ ಬಣ್ಣಕ್ಕೆ ತಿರುಗಿ, ನೀರು ಬರೀ ಬಿಳಿ ಕಲೆಯಾಗುತ್ತದೆ. ಎಕ್ಸ್‌ಪೋಷರನ್ನು ಒಂದಿಷ್ಟು ಮೈನಸ್‌ಗೆ ಇಳಿಸಿದರೆ ಕೋಣದ ಮೈಯ ಹೊಳಪೂ ನೀರಿನ ಹನಿಯೂ ಉಳಿಯುತ್ತವೆ.

ಇಷ್ಟು ಕಲಿತರೂ ಆಟ ತಿಳಿಯದವರಿಗೆ ಒಳ್ಳೆಯ ಚಿತ್ರ ಸಿಗದು. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ: ಒಂದೊಂದು ವಿಭಾಗಕ್ಕೂ ನಿಲ್ಲುವ ಜಾಗ ಬೇರೆ. ಕನೆಹಲಗೆಯಲ್ಲಿ ಓಟಗಾರ ಹಲಗೆಯ ಮೇಲೆ ಒಂದು ಕಾಲೂರಿ ನಿಂತಿರುತ್ತಾನೆ; ಹಲಗೆಯ ತೂತುಗಳಿಂದ ನೀರು ಮೇಲಕ್ಕೆ ಚಿಮ್ಮುತ್ತದೆ. ಕರೆಗೆ ಅಡ್ಡಲಾಗಿ ಎತ್ತರದಲ್ಲಿ ಕಟ್ಟಿದ ನಿಶಾನೆಗೆ ನೀರು ತಾಗಬೇಕು. ಇದು ಗೊತ್ತಿದ್ದವರು ಕೋಣಗಳ ಹಿಂದೆ ಲೆನ್ಸ್ ಓಡಿಸುವುದಿಲ್ಲ. ನಿಶಾನೆಯ ಕೆಳಗಿನ ಜಾಗಕ್ಕೆ ಫೋಕಸ್ ಮಾಡಿಟ್ಟು, ಮೇಲೆ ಜಾಗ ಬಿಟ್ಟು ಕಾಯುತ್ತಾರೆ. ಕಂಬಳ ರಾತ್ರಿಯೂ ನಡೆಯುವುದರಿಂದ ಫ್ಲಡ್‌ಲೈಟ್ ಬೆಳಕಿನಲ್ಲಿ ಐಎಸ್‌ಒ ಏರಿಸಿ ತೆಗೆಯುವುದೂ ಪಾಠದ ಭಾಗ. ಕೋಣದ ಕಣ್ಣಿಗೆ ಫ್ಲಾಶ್ ಹಾಯಿಸಬಾರದು, ತಡೆಬೇಲಿ ದಾಟಬಾರದು. ಇವೆರಡಕ್ಕೆ ವಿನಾಯಿತಿಯೇ ಇಲ್ಲ.

ಕಾರ್ಯಾಗಾರದ ಕೊನೆಯಲ್ಲಿ ಎಲ್ಲರ ಚಿತ್ರಗಳನ್ನೂ ದೊಡ್ಡ ಪರದೆಯಲ್ಲಿ ಹಾಕಿ ನೋಡುವ ಹೊತ್ತು ಬಹಳ ಮುಖ್ಯ. ಒಂದೇ ಓಟವನ್ನು ಹತ್ತು ಮಂದಿ ಹೇಗೆ ಕಂಡರು, ಯಾರು ಅರೆಗಳಿಗೆ ತಡಮಾಡಿದರು ಎಂಬುದೆಲ್ಲ ಅಲ್ಲಿ ಬಯಲಾಗುತ್ತದೆ. ಹೀಗೆ ಕೂಡಿ ಕಲಿಯುವ ಪರಂಪರೆ ನಮ್ಮಲ್ಲಿ ಹೊಸತಲ್ಲ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಹವ್ಯಾಸಿಗಳನ್ನು ಬೆಳೆಸುತ್ತ ಬಂದಿದೆ.

ನವೆಂಬರಿನಿಂದ ಮಾರ್ಚಿನವರೆಗೆ ಕರಾವಳಿಯಲ್ಲಿ ಕಂಬಳದ ಋತು. ದುಬಾರಿ ಲೆನ್ಸ್ ಇಲ್ಲವೆಂದು ಹಿಂಜರಿಯಬೇಡಿ. ಮೊದಲ ನಾಲ್ಕಾರು ಓಟಗಳನ್ನು ಕ್ಯಾಮೆರಾ ಕೆಳಗಿಟ್ಟು ನೋಡಿ, ಪಕ್ಕದಲ್ಲಿರುವ ಊರವರನ್ನು ಕೇಳಿ. ಮುಂದೇನಾಗುತ್ತದೆಂದು ಬಲ್ಲವರ ಬೆರಳು ಮಾತ್ರ ಸರಿಯಾದ ಕ್ಷಣಕ್ಕೆ ಗುಂಡಿ ಒತ್ತುತ್ತದೆ.